ಮಗಳಿಗೊಂದು ಪತ್ರ: ಪ್ರಚಾರ ಏಳು ಕಡೆ ಬೇಡ, ಒಂದು ಕಡೆ ಸಾಕು

ಪ್ರೀತಿಯ ಮಗಳೇ,

ನಿನ್ನ ಬ್ಯಾಗ್ ವ್ಯಾಪಾರದ ಪ್ರಚಾರದ ಪಟ್ಟಿ ನೋಡಿದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಯೂಟ್ಯೂಬ್, ಗೂಗಲ್ ಜಾಹೀರಾತು, ಪಾಂಪ್ಲೆಟ್, ವಾಟ್ಸ್‌ಆ್ಯಪ್, ತಿಂಗಳಿಗೊಂದು ಇಮೇಲ್. ಮಾಡುವವಳು ನೀನೊಬ್ಬಳೇ, ಹೊಲಿಗೆಯ ಕೆಲಸವೂ ನಿನ್ನದೇ. ಹೀಗೆ ಹರಿದು ಹಂಚಿದರೆ ಏಳೂ ಅರೆಬರೆಯಾಗುತ್ತವೆ, ಯಾವುದರಿಂದ ಗಿರಾಕಿ ಬಂದರು ಅನ್ನುವುದೂ ತಿಳಿಯುವುದಿಲ್ಲ. ಹಾಕಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಮುಂದಿನ ಮೂರು ತಿಂಗಳಿಗೆ ಒಂದು ಬಗೆಯ ಗಿರಾಕಿ, ಅವರಿಗೆ ಹೇಳುವ ಒಂದು ಮಾತು, ಅವರನ್ನು ತಲುಪುವ ಒಂದು ದಾರಿ ಇಟ್ಟುಕೋ.

ಮೊದಲು ಕಳೆದ ಆರು ತಿಂಗಳ ಬಿಲ್ ತೆಗೆ. ಒಂದೊಂದು ಬಿಲ್‌ಗೆ ಶೀಟ್‌ನಲ್ಲಿ ಒಂದೊಂದು ಸಾಲು. ಯಾರು ಕೊಂಡರು, ಎಷ್ಟು ಬ್ಯಾಗ್, ಬಿಲ್ ಮೊತ್ತ, ಬಟ್ಟೆ-ಜಿಪ್-ಕೂಲಿ-ಕೊರಿಯರ್ ಕಳೆದು ಉಳಿದದ್ದು, ನಿನ್ನ ಬಗ್ಗೆ ಅವರಿಗೆ ಹೇಗೆ ಗೊತ್ತಾಯಿತು. ಇಷ್ಟು ಕಾಲಂ ಸಾಕು. ಕೊನೆಯದು ಗೊತ್ತಿಲ್ಲದ ಕಡೆ ಖಾಲಿ ಬಿಡು, ಊಹಿಸಿ ತುಂಬಬೇಡ. ಆಮೇಲೆ ಗಿರಾಕಿಗಳನ್ನು ಗುಂಪು ಮಾಡು. ವಯಸ್ಸು, ಗಂಡು-ಹೆಣ್ಣು ಅಂತಲ್ಲ, ಬ್ಯಾಗ್ ಯಾವ ಕೆಲಸಕ್ಕೆ ಬೇಕಾಗಿತ್ತು ಅಂತ: ಆಫೀಸಿಗೆ ಲ್ಯಾಪ್‌ಟಾಪ್ ಒಯ್ಯಲು, ಯಾರಿಗೋ ಉಡುಗೊರೆ ಕೊಡಲು, ಕಾರ್ಯಾಗಾರಕ್ಕೆ ಬಂದವರಿಗೆ ಹಂಚಲು. ಮಾರುಕಟ್ಟೆಯನ್ನು ಹೀಗೆ ಗುಂಪುಗಳಾಗಿ ಒಡೆದು ನೋಡುವ ವಿಚಾರವನ್ನು ಅಮೆರಿಕದ ಮಾರುಕಟ್ಟೆ ತಜ್ಞ ವೆಂಡೆಲ್ ಸ್ಮಿತ್ 1956ರಲ್ಲೇ ಬರೆದಿಟ್ಟಿದ್ದಾರೆ. ದೊಡ್ಡ ಕಂಪನಿಗಳು ಅದಕ್ಕೆ ಸಮೀಕ್ಷೆ ಮಾಡಿಸುತ್ತವೆ, ನಿನಗೆ ಬಿಲ್ ಪುಸ್ತಕವೇ ಸಾಕು.

ಗುಂಪುಗಳನ್ನು ತೂಗುವಾಗ ಬಿಲ್ ಮೊತ್ತ ನೋಡಬೇಡ, ಉಳಿದದ್ದನ್ನು ನೋಡು. ಒಂದು ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ 200 ರೂಪಾಯಿ ಉಳಿಯುತ್ತದೆ ಅಂದುಕೋ. ಅದಕ್ಕಾಗಿ ಬಣ್ಣ, ಅಳತೆ, ವಿಳಾಸ ಅಂತ ಹತ್ತು ಮೆಸೇಜ್ ಓಡಾಡುತ್ತವೆ. ಕಾರ್ಯಾಗಾರದ ಬ್ಯಾಗ್‌ನಲ್ಲಿ 60 ರೂಪಾಯಿ ಮಾತ್ರ ಉಳಿದರೂ 60 ಬ್ಯಾಗ್‌ಗೆ 3,600 ರೂಪಾಯಿ ಆಯಿತು. ಮಾತುಕತೆ ಒಬ್ಬರ ಜೊತೆ, ಪ್ಯಾಟರ್ನ್ ಒಂದೇ, ಮುಂದಿನ ಕಾರ್ಯಾಗಾರಕ್ಕೆ ಅವರೇ ಮತ್ತೆ ಕೇಳುವ ಸಾಧ್ಯತೆಯೂ ಉಂಟು. ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ: ಈ ಗುಂಪಿನವರು ನಿನಗೆ ಎಲ್ಲಿ ಸಿಗುತ್ತಾರೆ? ಉಡುಗೊರೆ ಕೊಳ್ಳುವವರು ಎಲ್ಲ ಕಡೆ ಇರುವುದರಿಂದಲೇ ಒಂದು ಕಡೆ ಸಿಗುವುದಿಲ್ಲ. ಕಾರ್ಯಾಗಾರ ನಡೆಸುವವರಾದರೆ ಹೆಸರು, ದಿನಾಂಕ, ಫೋನ್ ನಂಬರ್ ಎಲ್ಲವನ್ನೂ ಆಹ್ವಾನದಲ್ಲೇ ಅಚ್ಚು ಹಾಕಿಸಿರುತ್ತಾರೆ. ಉಳಿದವರು ತಾವಾಗಿ ಬಂದರೆ ಸಂತೋಷವಾಗಿ ಮಾರು, ಅವರ ಹಿಂದೆ ಮಾತ್ರ ಹೋಗಬೇಡ.

ಗುಂಪು ಗೊತ್ತಾದ ಮೇಲೆ ಆ ಗುಂಪಿನ ಐದು ಹಳೆಯ ಗಿರಾಕಿಗಳಿಗೆ ಫೋನ್ ಮಾಡು. ನಮ್ಮನ್ನು ಕೇಳುವ ಮೊದಲು ಏನು ತೊಂದರೆ ಇತ್ತು, ಬೇರೆ ಯಾರನ್ನು ಕೇಳಿದ್ದಿರಿ, ಕೊನೆಗೆ ನಮಗೇ ಯಾಕೆ ಕೊಟ್ಟಿರಿ ಅಂತ ಕೇಳಿ, ಅವರ ಮಾತನ್ನು ಅವರು ಹೇಳಿದ ಹಾಗೇ ಬರೆದುಕೋ. ನಿನ್ನ ಹೊಲಿಗೆ ಚೆಂದ ಅಂತ ನೀನು ಹೆಮ್ಮೆ ಪಡುತ್ತೀಯ, ಪಡಬೇಕಾದ್ದೇ. ಆದರೆ ಕಾರ್ಯಾಗಾರ ನಡೆಸುವವರ ಭಯ ಬೇರೆ: ಹೇಳಿದ ದಿನಕ್ಕೆ ಬ್ಯಾಗ್ ಬರುತ್ತದೋ ಇಲ್ಲವೋ, ಹೆಸರು ತಪ್ಪಾಗಿ ಅಚ್ಚಾದರೆ ಗತಿ ಏನು. ಆ ಭಯಕ್ಕೆ ಉತ್ತರ ಕೊಡುವುದೇ ನಿನ್ನ ಪ್ರಚಾರದ ಮಾತಾಗಬೇಕು. ‘40ರಿಂದ 200 ಬ್ಯಾಗ್, ನಿಮ್ಮ ಹೆಸರಿನ ಅಚ್ಚಿನೊಂದಿಗೆ, ಮಾದರಿ ಒಪ್ಪಿದ 12ನೇ ದಿನ ನಿಮ್ಮ ಕೈಗೆ’ ಅನ್ನು. ‘ಆರ್ಡರ್ ಕೊಟ್ಟ’ ಅನ್ನದೆ ‘ಮಾದರಿ ಒಪ್ಪಿದ’ ಅಂದದ್ದಕ್ಕೆ ಕಾರಣವಿದೆ. ಹೆಸರಿನ ಕಾಗುಣಿತ, ಲೋಗೋದ ಬಣ್ಣ ಅಂತ ಒಪ್ಪಿಗೆಗೆ ಅವರೇ ನಾಲ್ಕು ದಿನ ತೆಗೆದುಕೊಂಡರೆ ಆ ತಡ ನಿನ್ನ ಲೆಕ್ಕಕ್ಕೆ ಬರಬಾರದು. ‘ಉತ್ತಮ ಗುಣಮಟ್ಟ, ಕೈಗೆಟುಕುವ ಬೆಲೆ’ ಅನ್ನುವ ಸಾಲನ್ನು ಯಾರು ಬೇಕಾದರೂ ತಮ್ಮ ಅಂಗಡಿಗೆ ಅಂಟಿಸಿಕೊಳ್ಳಬಹುದು, ಹಾಗಾಗಿ ಅದನ್ನು ಅಳಿಸು.

ದಾರಿ ಆರಿಸುವಾಗ ಒಂದೇ ಒಂದು ವಿಷಯ ನೋಡು: ಬೇಕಾದಾಗ ಜನ ಅದನ್ನು ತಾವೇ ಹುಡುಕುತ್ತಾರೋ, ಕಣ್ಣಿಗೆ ಬಿದ್ದ ಮೇಲೆ ಆಸೆಪಡುತ್ತಾರೋ? ಹುಡುಕುವವರಿಗೆ ಗೂಗಲ್, ಆಸೆಪಡುವವರಿಗೆ ಇನ್‌ಸ್ಟಾಗ್ರಾಮ್. ನಿನ್ನ ಗುಂಪಿನವರು, ಅಂದರೆ ಕಾರ್ಯಾಗಾರ ನಡೆಸುವವರು, ಹುಡುಕುವವರು. ಹಾಗಾಗಿ ನಿನ್ನ ದಾರಿ ಗೂಗಲ್.

ಗೂಗಲ್ ಜಾಹೀರಾತಿನಲ್ಲಿ ದುಡ್ಡು ಸೋರುವ ಜಾಗಗಳು ಗೊತ್ತಿರಲಿ. ಸ್ಥಳದ ಸೆಟ್ಟಿಂಗ್ ಹಾಗೇ ಬಿಟ್ಟರೆ ಆ ಜಾಗದಲ್ಲಿ ಇರುವವರಿಗಷ್ಟೇ ಅಲ್ಲ, ಆ ಜಾಗದ ಬಗ್ಗೆ ಆಸಕ್ತಿ ತೋರಿಸಿದ ದೂರದವರಿಗೂ ಜಾಹೀರಾತು ಕಾಣುತ್ತದೆ. ಅಲ್ಲಿ ಇರುವವರಿಗೆ ಮಾತ್ರ ಅಂತ ಬದಲಿಸು. ಕೀವರ್ಡ್‌ಗಳನ್ನು, ಅಂದರೆ ಯಾವ ಪದ ಹುಡುಕಿದವರಿಗೆ ಜಾಹೀರಾತು ಕಾಣಬೇಕೋ ಆ ಪದಗಳನ್ನು, ಬ್ರಾಡ್ ಮ್ಯಾಚ್‌ನಲ್ಲಿ ಬಿಡಬೇಡ, ಅದರಲ್ಲಿ ದೂರದ ಸಂಬಂಧದ ಹುಡುಕಾಟಕ್ಕೂ ಜಾಹೀರಾತು ಕಾಣುತ್ತದೆ. ಅದಕ್ಕಿಂತ ಬಿಗಿಯಾದ ಫ್ರೇಸ್ ಅಥವಾ ಎಕ್ಸಾಕ್ಟ್ ಮ್ಯಾಚ್ ಇರಲಿ. ವಾರಕ್ಕೊಮ್ಮೆ ಸರ್ಚ್ ಟರ್ಮ್ಸ್ ವರದಿ ತೆರೆದು, ಜನ ನಿಜವಾಗಿ ಏನು ಟೈಪ್ ಮಾಡಿದ್ದರು ಅಂತ ಓದು. ಬ್ಯಾಗ್ ಹೊಲಿಯುವುದು ಹೇಗೆ, ಬ್ಯಾಗ್ ಹೊಲಿಯುವ ಕೆಲಸ, ಉಚಿತ ಬ್ಯಾಗ್ ಅಂತ ಕಂಡರೆ ‘ಹೇಗೆ’, ‘ಕೆಲಸ’, ‘ಉಚಿತ’ ಅನ್ನುವ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಜಾಹೀರಾತು ಕಾಣಬಾರದ ಪದಗಳ ಪಟ್ಟಿಗೆ, ಹಾಕು. ಒಂದು ದಿನ ಬಜೆಟ್‌ನ ಎರಡರಷ್ಟು ಹೋಯಿತು ಅಂತ ಗಾಬರಿಯಾಗಬೇಡ. ಗೂಗಲ್ ಹಾಗೆ ಮಾಡುತ್ತದೆ, ಆದರೆ ಬಜೆಟ್ ಬದಲಿಸದಿದ್ದರೆ ತಿಂಗಳಿಗೆ ದಿನದ ಬಜೆಟ್‌ನ 30.4 ಪಟ್ಟು ಮೀರುವುದಿಲ್ಲ.

ಮುಂದೆ ಯಾವತ್ತಾದರೂ ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನ ಕಂಪನಿ) ಜಾಹೀರಾತಿಗೆ ಹೋದರೂ ಹರಡಬೇಡ. ಒಂದು ಆ್ಯಡ್ ಸೆಟ್, ಅಂದರೆ ಒಂದೇ ಬಜೆಟ್, ಒಂದೇ ಬಗೆಯ ಜನಕ್ಕೆ ಇಟ್ಟ ಜಾಹೀರಾತುಗಳ ಗುಂಪು, ಯಾರಿಗೆ ತೋರಿಸಬೇಕು ಅಂತ ಮೆಟಾ ಕಲಿಯುವ ಹಂತ ದಾಟಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ಸಣ್ಣ ಬಜೆಟನ್ನು ಐದು ಆ್ಯಡ್ ಸೆಟ್‌ಗೆ ಒಡೆದರೆ ಒಂದೂ ದಾಟುವುದಿಲ್ಲ, ದಿನಾ ಕೈಯಾಡಿಸಿ ದೊಡ್ಡ ಬದಲಾವಣೆ ಮಾಡಿದರೆ ಕಲಿಕೆ ಮತ್ತೆ ಮೊದಲಿನಿಂದ. ನೀನು ಕೇಳಿದ್ದನ್ನೇ ಅದು ಕೊಡುತ್ತದೆ ಅನ್ನುವುದೂ ನೆನಪಿರಲಿ. ಲೈಕ್ ಕೇಳಿದರೆ ಲೈಕ್ ಒತ್ತುವವರನ್ನು ಹುಡುಕಿ ತೋರಿಸುತ್ತದೆ, ಅವರು ಕೊಳ್ಳುವವರೇ ಆಗಿರಬೇಕಿಲ್ಲ.

ದುಡ್ಡಿಲ್ಲದೆ ಆಗುವ ಎರಡು ಕೆಲಸ ಒಮ್ಮೆ ಮಾಡಿಬಿಡು. ಗೂಗಲ್ ಹುಡುಕಾಟ, ಮ್ಯಾಪ್‌ನಲ್ಲಿ ನಿನ್ನ ವ್ಯಾಪಾರವನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಸರಿಯಾದ ಮುಖ್ಯ ವರ್ಗ, ಕೆಲಸದ ಸಮಯ, ನೀನೇ ಹೊಲಿದ ಬ್ಯಾಗ್‌ಗಳ ಫೋಟೋ ಹಾಕು. ಹೆಸರಿನ ಜಾಗದಲ್ಲಿ ವ್ಯಾಪಾರದ ಹೆಸರಷ್ಟೇ ಇರಲಿ. ‘ಅಗ್ಗದ ಬ್ಯಾಗ್’ ಅಂತೆಲ್ಲ ಸೇರಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲನ್ನೇ ತಡೆಹಿಡಿಯಬಹುದು. ರಿವ್ಯೂ ಬರೆದರೆ ರಿಯಾಯಿತಿ ಅನ್ನುವುದಕ್ಕೂ ಅನುಮತಿಯಿಲ್ಲ. ಇನ್ನೊಂದು, ಬ್ಯಾಗ್ ತಲುಪಿಸುವಾಗ ನಿನ್ನ ನಂಬರ್ ಸೇವ್ ಮಾಡಿಕೊಳ್ಳಲು ಹೇಳು. ಹಲವರಿಗೆ ಒಟ್ಟಿಗೆ ಕಳಿಸುವ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನ ಮೆಸೇಜ್ ನಿನ್ನ ನಂಬರ್ ಸೇವ್ ಇರುವವರಿಗೆ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಉಳಿದ ಪುಟಗಳನ್ನು ಅಳಿಸುವುದು ಬೇಡ. ಏನು ಮಾಡುತ್ತೀಯ, ಯಾವ ನಂಬರ್‌ಗೆ ಫೋನ್ ಮಾಡಬೇಕು ಅಂತ ಒಂದು ಪೋಸ್ಟ್ ಪಿನ್ ಮಾಡಿ ಸುಮ್ಮನಿರು.

ಇನ್ನು ಲೆಕ್ಕ. ‘ನಮ್ಮ ಬಗ್ಗೆ ಎಲ್ಲಿ ನೋಡಿದಿರಿ’ ಅಂತ ಮೊದಲ ಮಾತಿನಲ್ಲೇ ಕೇಳು. ಬಿಲ್ ಕೊಡುವ ಹೊತ್ತಿಗೆ ಅವರಿಗೆ ಮರೆತಿರುತ್ತದೆ. ವಾರಕ್ಕೆ ಮೂರು ಸಂಖ್ಯೆ ಬರೆದಿಡು: ವಿಚಾರಿಸಿದವರು, ಕೊಟೇಶನ್ ಕೊಟ್ಟದ್ದು, ಆರ್ಡರ್ ಆದದ್ದು. ವಿಚಾರಿಸಿದವರು ಬಹಳ, ಕೊಟೇಶನ್ ಕಡಿಮೆ ಆದರೆ ಜಾಹೀರಾತು ತಪ್ಪು ಜನಕ್ಕೆ ಕಾಣುತ್ತಿದೆ. ಕೊಟೇಶನ್ ಬಹಳ, ಆರ್ಡರ್ ಕಡಿಮೆ ಆದರೆ ನಿನ್ನ ದರ ನೋಡು, ಅದಕ್ಕೂ ಮೊದಲು ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಂಡೆ ಅಂತ ನೋಡು. ದಿನಾಂಕದ ಭಯದಲ್ಲಿರುವವರು ಎರಡು ದಿನ ಕಾಯುವುದಿಲ್ಲ. ಹೊಸ ಗಿರಾಕಿಯ ಖರ್ಚಿಗೆ ನಿನ್ನ ಸಮಯವನ್ನೂ ಸೇರಿಸು. ಜಾಹೀರಾತಿಗೆ 6,000, ಅದಕ್ಕೆ ಕೂತ 20 ಗಂಟೆಗೆ ತಲಾ 100ರಂತೆ 2,000, ಒಟ್ಟು 8,000. ನಾಲ್ಕು ಆರ್ಡರ್ ಬಂದರೆ ಒಂದಕ್ಕೆ 2,000 ಬಿತ್ತು. 3,600 ಉಳಿಯುವ ಆರ್ಡರ್ ಅದನ್ನು ತಾಳುತ್ತದೆ, 200 ಉಳಿಯುವ ಲ್ಯಾಪ್‌ಟಾಪ್ ಬ್ಯಾಗ್ ಯಾವ ಜನ್ಮಕ್ಕೂ ತಾಳುವುದಿಲ್ಲ.

ಒಂದು ತಿಂಗಳು ಮೂರು, ಮರುತಿಂಗಳು ಐದು ಆರ್ಡರ್ ಬಂದರೆ ಅದರಿಂದ ಏನೂ ತೀರ್ಮಾನಿಸಬೇಡ, ಅಷ್ಟು ಏರುಪೇರು ತಾನಾಗೇ ಆಗುತ್ತದೆ. ಯಾವ ದಿನದೊಳಗೆ ಎಷ್ಟು ಜನ ವಿಚಾರಿಸದಿದ್ದರೆ ಬದಲಿಸುತ್ತೀಯ ಅಂತ ಶುರುವಿನಲ್ಲೇ ಬರೆದಿಡು. ಬದಲಿಸುವಾಗಲೂ ಒಂದೊಂದೇ: ಮೊದಲು ಮಾತು, ಆಮೇಲೆ ದಾರಿ, ಕೊನೆಗೆ ಗುಂಪು. ಮೂರನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದಿಲ್ಲ.

ಗಿರಾಕಿಯ ಬಗೆ ಒಂದೇ ಇರಲಿ, ಗಿರಾಕಿ ಒಬ್ಬರೇ ಆಗದಿರಲಿ. ಉಳಿಕೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಕಡೆಯಿಂದ ಬರುತ್ತಿದ್ದರೆ ಅದೇ ಬಗೆಯ ಇನ್ನೊಬ್ಬರನ್ನು ಬೇಗ ಹುಡುಕು. ಶೀಟ್ ತುಂಬಿದ ಮೇಲೆ ಕಳಿಸು, ಗುಂಪು ಮಾಡುವಾಗ ಜೊತೆಗೆ ಕೂರುತ್ತೇನೆ.

ನಿನ್ನ ಅಮ್ಮ