ಮೈಕಿನ ಹಿಂದಿನ ಕೈ

ಮಾನ್ಯ ಸಂಪಾದಕರೇ,

ಜಾಝ್ ಎಂದರೆ ವಾದಕರನ್ನಷ್ಟೇ ನೆನೆಯುತ್ತೇವೆ. ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ (1924–2016) ಅವರನ್ನೂ ನೆನೆಯಬೇಕು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ-ಅಮ್ಮನ ಮನೆಯ ಹಜಾರದಲ್ಲೇ ಮುದ್ರಣ. ಹೊಟ್ಟೆಪಾಡಿಗೆ ಕಣ್ಣುಪರೀಕ್ಷೆಯ ಕಸುಬು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ 39 ಅಡಿ ಎತ್ತರದ ಚಾವಣಿಯ ಸ್ಟುಡಿಯೊ ಕಟ್ಟಿದರು. ಉಪಕರಣ ಮುಟ್ಟುತ್ತಿದ್ದುದು ಕೈಗವಸು ತೊಟ್ಟೇ.

ನಾಯ್ಮನ್ ಯು-47 ಮೈಕನ್ನು ವಾದ್ಯದ ಹತ್ತಿರಕ್ಕೇ ತಂದಿದ್ದರಿಂದ ಸ್ಯಾಕ್ಸೊಫೋನಿನ ಉಸಿರೂ ಕೇಳುತ್ತದೆ. ಮುದ್ರಣ ನೇರವಾಗಿ ಎರಡು ಟ್ರ್ಯಾಕಿಗೆ (ಧ್ವನಿಪಟ್ಟಿಗೆ), ಎಲ್ಲ ವಾದ್ಯವೂ ಬೆರೆತೇ. ಡ್ರಮ್ಮಿನ ಸದ್ದು ಬಾಸ್ ಮೈಕಿಗೆ ನುಗ್ಗಿತೋ, ಆಮೇಲೆ ಬೇರ್ಪಡಿಸುವಂತಿಲ್ಲ. ಇಡೀ ಟೇಕ್ ಮತ್ತೆ ನುಡಿಸಬೇಕು. ಪಿಯಾನೊ ಡಬ್ಬಿಯೊಳಗಿಂದ ಬಂದಂತಿದೆ ಎಂಬ ದೂರು ಸುಳ್ಳೇನಲ್ಲ: ಮೈಕ್ ತಂತಿಗೆ ಅಂಟಿಕೊಂಡಂತಿದ್ದರೆ ಕೋಣೆಯ ಗುಂಗು ಸೇರದು.

ಹಳೇ ರೆಕಾರ್ಡ್ ಸಿಕ್ಕರೆ ಲೇಬಲ್ಲಿನ ಸುತ್ತಲಿನ ಖಾಲಿ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ‘ಆರ್‌ವಿಜಿ’ ಎಂಬ ಗುರುತಿದ್ದರೆ ರೆಕಾರ್ಡ್ ಒತ್ತಲು ಬೇಕಾದ ಮೂಲ ಅಚ್ಚುತಟ್ಟೆ ಕೊರೆದವರೂ ಅವರೇ.

— ಒಬ್ಬ ಓದುಗ