ಸೇಬಿನ ಮರಕ್ಕೆ ಕುಡಿಸುವ ಹಬ್ಬ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಮ್ಮೂರಿನ ಸಮುದಾಯ ಸೇಬಿನ ತೋಟದಲ್ಲಿ ಈ ಜನವರಿಗೆ ವಾಸೇಲ್ ನಡೆಸುವ ಹೊಣೆ ನಿನ್ನ ಹೆಗಲಿಗೆ ಬಿದ್ದಿದೆ ಎಂದು ಬರೆದಿದ್ದೆಯಲ್ಲ. ಎಳ್ಳಮಾವಾಸ್ಯೆಗೆ ಎರೆಹೊಲದಲ್ಲಿ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಚರಗ ಚೆಲ್ಲುವುದನ್ನು ಕಂಡವನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮಲ್ಲಿ ಹೊಲಕ್ಕೆ ಉಣಿಸುತ್ತಾರೆ, ಇಂಗ್ಲೆಂಡಿನಲ್ಲಿ ಮರಕ್ಕೆ ಕುಡಿಸುತ್ತಾರೆ. ಚರಗದ ಹೊತ್ತಿಗೆ ಬೆಳೆ ಕಣ್ಣೆದುರು ನಿಂತಿರುತ್ತದೆ. ವಾಸೇಲ್ ಹೊತ್ತಿಗೆ ಸೇಬಿನ ಮರದಲ್ಲಿ ಒಂದು ಎಲೆಯೂ ಇರುವುದಿಲ್ಲ, ಅಷ್ಟೇ. ಹೆಸರಿನ ಮೂಲ ‘ಕ್ಷೇಮವಾಗಿರು’ ಎಂಬ ಹಳೆಯ ಹರಕೆಯ ಮಾತು. ಒಬ್ಬರು ‘ವಾಸೇಲ್’ ಎಂದರೆ ಉಳಿದವರು ‘ಡ್ರಿಂಕ್ ಹೇಲ್’ ಎನ್ನಬೇಕು.

ಮೊದಲು ದಿನದ ಜಗಳ ಮುಗಿಸಿಬಿಡು. ಕ್ರಿಸ್ಮಸ್ಸಿನ ಹನ್ನೆರಡನೆಯ ರಾತ್ರಿ ಎಂದು ಕೆಲವರು ಜನವರಿ 5 ಅಥವಾ 6 ಹಿಡಿಯುತ್ತಾರೆ. ಹಳಬರು ಒಪ್ಪುವುದು 17. ಬ್ರಿಟನ್ 1752ರಲ್ಲಿ ಪಂಚಾಂಗ ಬದಲಿಸಿ ಸೆಪ್ಟೆಂಬರ್ 2ರ ಮರುದಿನವನ್ನೇ 14 ಎಂದಾಗ ಹನ್ನೊಂದು ದಿನ ಮಾಯವಾದವು. ತೋಟದವರು ಹಳೆಯ ಲೆಕ್ಕ ಬಿಡಲಿಲ್ಲ. ಸಾಮರ್ಸೆಟ್‌ನ ಕಾರ್‌ಹ್ಯಾಂಪ್ಟನ್, ಡೆವನ್‌ನ ವಿಂಪಲ್ ಊರುಗಳಲ್ಲಿ ಇಂದಿಗೂ 17ಕ್ಕೇ ನಡೆಯುತ್ತದೆ. ಸಮುದಾಯ ತೋಟಕ್ಕೆ ಅದರ ಹತ್ತಿರದ ಶನಿವಾರ ಸಾಕು. ಮಕ್ಕಳು ಬರದ ವಾಸೇಲ್ ಸಪ್ಪೆ. ಆಗ ನಾಲ್ಕೂವರೆಯ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ. ಜನರನ್ನು ನಾಲ್ಕಕ್ಕೆ ಕರೆ, ಬೆಳಕಿರುವಾಗಲೇ ಅವರಿಗೆ ಕಾಲಿಡುವ ಜಾಗ ಗೊತ್ತಾಗಲಿ.

ಕಾಲಿನ ಮಾತು ಬಂತು, ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸಂಪ್ರದಾಯದಂತೆ ತೋಟದ ಅತ್ಯಂತ ಹಳೆಯ ಮರವನ್ನು ಆರಿಸುತ್ತಾರೆ. ತೋಟ ಕಾಯುವ ‘ಸೇಬುಮರದ ಮುದುಕ’ ಅದರಲ್ಲೇ ಇರುತ್ತಾನೆಂದು ಸಾಮರ್ಸೆಟ್‌ನ ನಂಬಿಕೆ. ಆದರೆ ಜನವರಿಯ ಜೇಡಿಮಣ್ಣು ನೀರು ಕುಡಿದು ಹಿಟ್ಟಿನ ಮುದ್ದೆಯಂತಿರುತ್ತದೆ. ಅದರ ಮೇಲೆ ಅರವತ್ತು ಜನ ಒಂದು ಗಂಟೆ ಕುಣಿದರೆ ಮಣ್ಣಿನೊಳಗಿನ ಗಾಳಿಯೆಲ್ಲ ಹೊರಬಿದ್ದು ಬೇರು ಉಸಿರುಗಟ್ಟುತ್ತದೆ. ವರ್ಷವರ್ಷವೂ ಅದೇ ಮರದಡಿ ಕುಣಿದರೆ, ಹರಸಿಸಿಕೊಂಡ ಮರವೇ ಎಲ್ಲಕ್ಕಿಂತ ಮೊದಲು ಸೊರಗುತ್ತದೆ. ಹಾಗಾಗಿ ಬುಡದಿಂದ ಮೂರು ಮೀಟರ್ ದೂರದಲ್ಲಿ ಸುತ್ತ ಹಗ್ಗ ಹಿಡಿಸು. ಒಳಗೆ ಹೋಗುವವರು ಆಚರಣೆ ನಡೆಸಲು ಆರಿಸಿದ ವಾಸೇಲ್ ರಾಜ, ರಾಣಿ ಇಬ್ಬರೇ. ಜನ ನಿಲ್ಲುವ ಕಡೆ ನಾಲ್ಕು ಬೆರಳು ದಪ್ಪ ಮರದ ಚಕ್ಕೆ ಹರಡು, ಕಾಂಡಕ್ಕೆ ಮಾತ್ರ ತಾಗಿಸಬೇಡ, ತೊಗಟೆ ಕೊಳೆಯುತ್ತದೆ. ಮರುವರ್ಷ ಬೇರೆ ಮರ. ಮುದುಕ ಬೇಸರಿಸಿಕೊಳ್ಳುವುದಿಲ್ಲ.

ಈಗ ಟೋಸ್ಟ್. ಸೈಡರಿನಲ್ಲಿ, ಅಂದರೆ ಸೇಬಿನ ಮದ್ಯದಲ್ಲಿ, ಅದ್ದಿದ ಸುಟ್ಟ ಬ್ರೆಡ್ಡನ್ನು ಕೊಂಬೆಗೆ ಕಟ್ಟುವುದು ಈ ಹಬ್ಬದ ಜೀವ. ಅದು ರಾಬಿನ್ ಹಕ್ಕಿಗಳ ಪಾಲು, ರಾಬಿನ್ ಮರದ ಒಳ್ಳೆಯ ದೇವತೆ. ಕೆಡುವುದೂ ಇಲ್ಲೇ. ಹೊಸ ಬ್ರೆಡ್ಡು ಸೈಡರು ತಾಗಿದ ಕೂಡಲೇ ಗಂಜಿಯಾಗಿ ರಾಣಿಯ ತೋಳಿನ ಮೇಲೆ ಬೀಳುತ್ತದೆ. ಹಿಂದಿನ ದಿನದ ಬ್ರೆಡ್ಡನ್ನು ಎರಡು ಸೆಂಟಿಮೀಟರ್ ದಪ್ಪ ಕೊಯ್ಯಿ. ಸುಡುವ ಮೊದಲೇ ಅಂಚಿನಿಂದ ಎರಡು ಬೆರಳು ಒಳಗೆ ಪೆನ್ಸಿಲ್‌ನಿಂದ ತೂತು ಮಾಡು. ಸುಟ್ಟ ಮೇಲೆ ಚುಚ್ಚಿದರೆ ಸೀಳಿ ಹೋಗುತ್ತದೆ. 150 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ, ನಡುವೆ ಒಮ್ಮೆ ಮಗುಚಿ, ಇಪ್ಪತ್ತೈದು ನಿಮಿಷ ಇಟ್ಟರೆ ಒಳಗಿನ ತನಕ ಒಣಗುತ್ತದೆ. ಬೆರಳಿನಿಂದ ತಟ್ಟಿದರೆ ಹಲಗೆಯ ಸದ್ದು ಬರಬೇಕು. ಮೂರು ಎಣಿಸುವಷ್ಟು ಹೊತ್ತು ಅದ್ದಿ ಎತ್ತು, ಸಾಕು. ದಾರ ಸೆಣಬಿನದೇ ಇರಲಿ. ನೈಲಾನ್ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಕೊಂಬೆಯಲ್ಲಿ ಉಳಿದರೆ ಮುಂದೆ ತೊಗಟೆಯೊಳಗೂ ಇಳಿಯುತ್ತದೆ. ಬೆಣ್ಣೆ, ಉಪ್ಪು ಬೇಡ. ಒಣದ್ರಾಕ್ಷಿಯ ಬ್ರೆಡ್ಡಂತೂ ಬೇಡವೇ ಬೇಡ, ಕೆಳಗೆ ಬಿದ್ದದ್ದನ್ನು ತಿನ್ನುವ ನಾಯಿಗೆ ಅದು ವಿಷ. ಇನ್ನೊಂದು ಮಾತು: ತೂಗಾಡುವ ಟೋಸ್ಟನ್ನು ಕುಕ್ಕುವುದು ಹೆಚ್ಚಾಗಿ ಟಿಟ್ ಹಕ್ಕಿಗಳು. ನೆಲದ ಮೇಲೆ ಹೆಕ್ಕಿ ತಿನ್ನುವ ರಾಬಿನ್‌ಗೆಂದು ಬುಡದಲ್ಲಿ ಒಂದು ಹಿಡಿ ಪುಡಿ ಉದುರಿಸು, ಹೆಸರು ಅದರದ್ದಲ್ಲವೇ. ಮೂರನೆಯ ದಿನ ಉಳಿದದ್ದನ್ನೆಲ್ಲ ಬಿಚ್ಚಿ ತೆಗೆ. ಬೂಷ್ಟು ಹಿಡಿದ ಬ್ರೆಡ್ಡು ಹಕ್ಕಿಗೆ ಕೇಡು, ಬಿದ್ದದ್ದು ಇಲಿಗೆ ಕರೆಯೋಲೆ.

ಬುಡಕ್ಕೆ ಎರೆಯುವ ಸೈಡರ್ ಒಂದು ಲೋಟ ಸಾಕು, ತಣ್ಣಗಿರಲಿ. ಕುದಿಯುವ ಪಾತ್ರೆಯಿಂದ ಮೊಗೆದು ಹೊಯ್ಯುವ ಉತ್ಸಾಹಿಗಳಿರುತ್ತಾರೆ, ಅವರ ಕೈ ಹಿಡಿ.

ಜನರಿಗೆ ಬಿಸಿಯದು. ತಲೆಗೆ 200 ಮಿಲಿಲೀಟರ್ ಹಿಡಿ. ಅರವತ್ತು ಜನರಿಗೆ ಹನ್ನೆರಡು ಲೀಟರ್ ಬೇಕು, ಅದರಲ್ಲಿ ಅರ್ಧ ಸೇಬಿನ ರಸವಿರಲಿ. ಇಲ್ಲಿ ಸೈಡರ್ ಎಂದರೆ ಮದ್ಯವೇ, ಮಕ್ಕಳೂ ಕಾರು ಓಡಿಸುವವರೂ ಇರುತ್ತಾರೆ. ನಾಲ್ಕು ಲೀಟರಿಗೆ ಎರಡು ದಾಲ್ಚಿನ್ನಿ ಚಕ್ಕೆ, ಎಂಟು ಲವಂಗ, ಹೆಬ್ಬೆರಳುದ್ದ ಶುಂಠಿ, ಒಂದು ಕಿತ್ತಳೆಯ ಸಿಪ್ಪೆ, ಸಿಹಿ ಕಡಿಮೆಯೆನಿಸಿದರೆ ನೂರು ಗ್ರಾಂ ಕಂದು ಸಕ್ಕರೆ. ಮಸಾಲೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಅರ್ಧ ಗಂಟೆಗೆ ತೆಗೆದುಬಿಡು, ಇಲ್ಲವಾದರೆ ಲವಂಗ ಎಲ್ಲವನ್ನೂ ನುಂಗಿ ಹಲ್ಲುನೋವಿನ ಮದ್ದಿನ ರುಚಿ ಬರುತ್ತದೆ. ಹಬೆಯಾಡಬೇಕು, ಕುದಿಯಬಾರದು. ಸ್ಟೀಲಿನ ಪಾತ್ರೆಯೇ ಆಗಬೇಕು. ಅಲ್ಯುಮಿನಿಯಂ, ಕಬ್ಬಿಣಗಳನ್ನು ಸೈಡರಿನ ಹುಳಿ ಕರಗಿಸಿ ಲೋಹದ ವಾಸನೆ ತರಿಸುತ್ತದೆ. ಬಯಲಿನ ಗಾಳಿಯಲ್ಲಿ ಗ್ಯಾಸ್ ಒಲೆ ಮನೆಯಲ್ಲಿದ್ದಂತೆ ಉರಿಯುವುದಿಲ್ಲ, ಒಂದು ಗಂಟೆ ಮೊದಲೇ ಹಚ್ಚು.

ಹಳೆಯ ಪಾನಕ ಬೇಕೆಂದರೆ ‘ಲ್ಯಾಂಬ್ಸ್‌ವುಲ್’ ಮಾಡು, ಅಂದರೆ ಕುರಿಮರಿಯ ಉಣ್ಣೆ. ಬ್ರಾಮ್ಲಿ ಎಂಬ ಅಡುಗೆಯ ಹುಳಿ ಸೇಬು ಮೂರನ್ನು ಓವನ್ನಿನಲ್ಲಿ ಸಿಪ್ಪೆ ಬಿರಿಯುವ ತನಕ ಬೇಯಿಸಿ, ತಿರುಳು ಕಡೆದು, ಒಂದು ಲೀಟರ್ ಬಿಸಿ ಏಲ್ ಬಿಯರಿಗೆ ಸಕ್ಕರೆ, ಶುಂಠಿ, ತುರಿದ ಜಾಯಿಕಾಯಿ ಸಮೇತ ಸೇರಿಸುವುದು. ಮೇಲೆ ಬಿಳಿಯ ನೊರೆ ಉಣ್ಣೆಯಂತೆ ನಿಲ್ಲುತ್ತದೆ. ಕಾಕ್ಸ್‌ನಂಥ ತಿನ್ನುವ ಸೇಬು ಬೆಂದರೂ ಆಕಾರ ಬಿಡುವುದಿಲ್ಲ, ಅದರಲ್ಲಿ ಉಣ್ಣೆ ಏಳುವುದಿಲ್ಲ. ಕಹಿ ಕೊಡುವ ಹಾಪ್ಸ್ ಹೂ ಹೆಚ್ಚಿರುವ ಬಿಯರ್ ಬೇಡ, ಬಿಸಿಯಾದರೆ ಕಹಿ ಎದ್ದು ಕೂರುತ್ತದೆ.

ಮದ್ಯವನ್ನು ಪುಕ್ಕಟೆ ಕೊಟ್ಟರೆ ಲೈಸೆನ್ಸ್ ಬೇಕಿಲ್ಲ. ಟಿಕೆಟ್ ಇಟ್ಟು ‘ಒಂದು ಲೋಟ ಉಚಿತ’ ಎಂದರೆ ಮಾತ್ರ ಅದು ಮಾರಾಟವೇ. ಆಗ ಕೌನ್ಸಿಲ್‌ಗೆ ಕನಿಷ್ಠ ಹತ್ತು ಕೆಲಸದ ದಿನ ಮೊದಲು ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್ ಕೊಡಬೇಕು, ಶುಲ್ಕ 21 ಪೌಂಡ್. ಕ್ರಿಸ್ಮಸ್ ರಜೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಡಿಸೆಂಬರ್ ಮೊದಲ ವಾರದಲ್ಲೇ ಕಳಿಸಿಬಿಡು.

ತಟ್ಟೆ, ಬಾಣಲೆ ಬಡಿದು ಎಬ್ಬಿಸುವ ಗದ್ದಲದ ಉದ್ದೇಶ ಎರಡು: ಮಲಗಿದ ಮರ ಎಬ್ಬಿಸುವುದು, ದುಷ್ಟಶಕ್ತಿ ಓಡಿಸುವುದು. ಮರ ಏಳುವುದು ಅದಕ್ಕೆ ಬೇಕಾದಷ್ಟು ಚಳಿ ಕಳೆದ ಮೇಲೆಯೇ, ತಟ್ಟೆಯ ಸದ್ದಿಗಲ್ಲ. ಆದರೂ ತಟ್ಟೆ ಬಡಿಯದೆ ಯಾರೂ ಮನೆಗೆ ಹೋಗುವುದಿಲ್ಲ. ಹಳ್ಳಿಗಳಲ್ಲಿ ಕೊಂಬೆಗಳ ನಡುವಿಂದ ಬಂದೂಕು ಹಾರಿಸುತ್ತಾರೆ, ಮನೆಗಳ ನಡುವಿನ ಸಮುದಾಯ ತೋಟಕ್ಕೆ ಅದು ಬೇಡ. ನಿನ್ನ ಪೆಟ್ಟಿಗೆಯಲ್ಲಿ ಜಾಗಟೆಯಿದ್ದರೆ ಒಯ್ಯಿ, ಬಾಣಲೆಗಳೆಲ್ಲ ಸೋಲುತ್ತವೆ. ಎರಡು ನಿಮಿಷದ ಮೇಲೆ ಎಳೆಯಬೇಡ, ಗೂಡು ಸೇರಿದ ಹಕ್ಕಿಗಳಿವೆ. ಹಾಡು ಮೊದಲು, ಗದ್ದಲ ಕೊನೆಗೆ. ತಲೆಕೆಳಗಾದರೆ ಹಾಡನ್ನು ಯಾರೂ ಕೇಳುವುದಿಲ್ಲ. ಹಾಡಿನ ಹಾಳೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸು, ಲಾಟೀನಿನ ಬೆಳಕಿಗೆ ಸಣ್ಣಕ್ಷರ ಕಾಣದು.

ಬೆಂಕಿಯನ್ನು ಕೊಂಬೆಯ ತುದಿಯಿಂದ ಹತ್ತು ಮೀಟರ್ ಆಚೆ ಹಾಕು. ಸೇಬಿನ ತೊಗಟೆ ತೆಳು. ಕಾವಿಗೆ ಒಳಪದರ ಸತ್ತರೂ ಆಗ ಕಾಣುವುದಿಲ್ಲ, ಬೇಸಗೆಯಲ್ಲಿ ತೊಗಟೆ ಬಿರಿದು ಬೀಳುವಾಗ ತಿಳಿಯುತ್ತದೆ. ಸೌದೆಯನ್ನು ಅದೇ ದಿನ ಒಟ್ಟು. ಮೊದಲೇ ಒಟ್ಟಿದ ರಾಶಿಯಲ್ಲಿ ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗ್ ಚಳಿನಿದ್ದೆಗೆ ಸೇರಿಕೊಂಡಿರುತ್ತದೆ.

ಅಂದು ಬೆಳಿಗ್ಗೆ ಕೊಂಬೆ ಸವರುವ ಕೆಲಸವನ್ನೂ ಇಟ್ಟುಕೊಂಡರೆ ಒಳ್ಳೆಯದು, ಜನ ಹೇಗೂ ಸಿಗುತ್ತಾರೆ. ಸತ್ತದ್ದು, ರೋಗದ್ದು, ಒಂದಕ್ಕೊಂದು ಉಜ್ಜುವ ಕೊಂಬೆ, ಈ ಕ್ರಮದಲ್ಲಿ. ಒಟ್ಟು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆದರೆ ಬೇಸಗೆಯಲ್ಲಿ ಕಡ್ಡಿಯಂತೆ ನೆಟ್ಟಗಿನ ಚಿಗುರುಗಳೇ ಏಳುತ್ತವೆ. ಸೇಬು, ಪೇರ್ ಮಾತ್ರ. ಪ್ಲಮ್, ಚೆರ್ರಿಗಳನ್ನು ಚಳಿಯಲ್ಲಿ ಕತ್ತರಿಸಿದರೆ ಗಾಯದಿಂದ ಬೆಳ್ಳಿಯೆಲೆ ರೋಗ ಹೊಗುತ್ತದೆ. ಎಲೆಯಿಲ್ಲದಾಗ ಯಾವುದು ಯಾವ ಮರವೆಂದು ಹೊಸಬರಿಗೆ ತಿಳಿಯದು, ಅವಕ್ಕೆ ಕೆಂಪು ಪಟ್ಟಿ ಕಟ್ಟಿಡು.

ಬ್ರಾಮ್ಲಿ ಈಗಲೇ ತೆಗೆದಿಡು. ಏಟು ಬೀಳದ, ತೊಟ್ಟಿರುವ ಹಣ್ಣನ್ನು ಒಂದೊಂದಾಗಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂಪಾದ ಶೆಡ್ಡಿನಲ್ಲಿಟ್ಟರೆ ಜನವರಿ ದಾಟುತ್ತದೆ. ವಾರಕ್ಕೊಮ್ಮೆ ಮೂಸಿ ನೋಡು, ಒಂದು ಕೊಳೆತರೂ ಬುಟ್ಟಿಯೆಲ್ಲ ಹೋಗುತ್ತದೆ.

ಇಂತಿ ನಿನ್ನ,
ಗೆಳೆಯ