ಮೂರು ಚೂರಾದ ಪೆಪ್ಪರ್‌ಕಾಕಾ

ಮಾರಾಯಾ,

ಅಡಿಕೆಯ ಕೊನೆಕೊಯ್ಲಿನ ಗಡಿಬಿಡಿಯಲ್ಲಿದ್ದೀಯ, ಗೊತ್ತು. ಫೋನ್ ಎತ್ತುವುದಿಲ್ಲ, ವಾಟ್ಸಾಪಿಗೆ ಹೆಬ್ಬೆರಳೊಂದೇ ಉತ್ತರ. ಅದಕ್ಕೇ ಇಲ್ಲಿ, ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ. ನೀನು ಓದದಿದ್ದರೆ ನಿನ್ನ ಹೆಂಡತಿ ಓದಿ ಹೇಳುತ್ತಾಳೆ, ನನಗೆ ಮರ್ಯಾದೆ ಕೊಡುವ ಸಾಲುಗಳನ್ನು ಬಿಟ್ಟು.

ವಿಷಯ ಏನೆಂದರೆ, ನಾನು ಬಿಸ್ಕತ್ತು ಸುಟ್ಟೆ. ಎರಡೂ ಅರ್ಥದಲ್ಲಿ. ನಗು, ಆದರೆ ಸಹಕಾರಿ ಸಂಘದ ಬನ್ನಿನ ಕತೆ ಕಾಮೆಂಟಿನಲ್ಲಿ ಎತ್ತಿದರೆ ನಿನ್ನ ಛತ್ರಿ ಕತೆ ನಾನೂ ಹೇಳಬೇಕಾಗುತ್ತದೆ.

ಸ್ಟಾಕ್‌ಹೋಮಿನಲ್ಲಿ ಈಗ ಎರಡೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗಿಯಾಯಿತು. ನಿನ್ನ ಗಡಿಯಾರದಲ್ಲಾದರೆ ಊಟ ಮಾಡಿ ಮಲಗಿ ಎದ್ದು ಚಾ ಕೇಳುವ ಹೊತ್ತು. ಕಿಟಕಿ ಕಿಟಕಿಗೂ ಕಾಗದದ ನಕ್ಷತ್ರ ತೂಗುಬಿಟ್ಟು ಒಳಗೆ ದೀಪ ಇಡುತ್ತಾರೆ. ಡಿಸೆಂಬರ್ 13ಕ್ಕೆ ಲೂಸಿಯಾ ಹಬ್ಬ. ಬಿಳಿ ನಿಲುವಂಗಿ ತೊಟ್ಟು, ತಲೆಯ ಮೇಲೆ ಮೇಣದಬತ್ತಿಯ ಕಿರೀಟ ಇಟ್ಟುಕೊಂಡು ಒಬ್ಬಳು ಲೂಸಿಯಾ ಆಗುತ್ತಾಳೆ, ಉಳಿದ ಮಕ್ಕಳು ಹಿಂದೆ ಹಾಡುತ್ತಾ ಬರುತ್ತಾರೆ. ನನ್ನ ಮಗಳು ಕಿರೀಟಕ್ಕೆ ಆಸೆಪಡಲೇ ಇಲ್ಲ. ಆ ಮೆರವಣಿಗೆಯಲ್ಲಿ ಬಿಸ್ಕತ್ತಿನ ವೇಷ ಹಾಕುವ ಮಕ್ಕಳೂ ಇರುತ್ತಾರೆ, ಮೈಪೂರ್ತಿ ಕಂದು ಬಟ್ಟೆ. 'ಲೂಸಿಯಾ ಆಗೋಕೆ ಹತ್ತು ಜನ ಇದ್ದಾರೆ, ನಾನು ತಿಂಡಿ ಆಗ್ತೀನಿ' ಅಂದಳು. ನನ್ನ ಮಗಳೇ ಹೌದು.

ಆ ತಿಂಡಿಯ ಹೆಸರು, ಒಂದಾದರೆ ಪೆಪ್ಪರ್‌ಕಾಕಾ, ಹೆಚ್ಚಾದರೆ ಪೆಪ್ಪರ್‌ಕಾಕೋರ್. ಹುಬ್ಬಳ್ಳಿಯ ಕಾಕಾಗೂ ಇದಕ್ಕೂ ಸಂಬಂಧ ಇಲ್ಲ. ಮೆಣಸಿಗೂ ಇಲ್ಲ! ಹಿಂದಿನ ಕಾಲದಲ್ಲಿ ಇವರಿಗೆ ದೂರದಿಂದ ಹಡಗಲ್ಲಿ ಬಂದ ಮಸಾಲೆಯೆಲ್ಲ ಮೆಣಸೇ ಆಗಿತ್ತಂತೆ, ಆ ಹೆಸರು ಹಾಗೇ ಉಳಿಯಿತು. ಡೆನ್ಮಾರ್ಕಿನವರು ಗೋಲಿಯಂಥ ಸಣ್ಣ ಬಿಸ್ಕತ್ತಿಗೆ ಬಿಳಿಮೆಣಸು ಹಾಕುವುದುಂಟು, ಇಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಮೆಣಸಿನ ಬಳ್ಳಿಯ ಬುಡದಲ್ಲಿ ಬೆಳೆದವರಿಗೆ ಮಾಡಿದ ಮೋಸ ಇದು.

ಬೀಳುವುದು ದಾಲ್ಚಿನ್ನಿ, ಶುಂಠಿ ಪುಡಿ, ಲವಂಗ, ಏಲಕ್ಕಿ. 150 ಗ್ರಾಂ ಬೆಣ್ಣೆ, ಸಕ್ಕರೆ, ಮೈದಾ, ಒಂದು ಚಮಚ ಸೋಡಾ, ಮತ್ತೆ ಸಿರಪ್ ಅಂತ ಒಂದು ಮಂದ ಪಾಕ. ಹಿಟ್ಟು ಕಲಸುವಾಗ ಪಾಕ ಅರ್ಧಕ್ಕೇ ಮುಗಿಯಿತು. ಅಟ್ಟದಿಂದ ಜೋನಿಬೆಲ್ಲದ ಬಾಟಲಿ ಇಳಿಸಿದೆ. ಅದೇ, ಸೂಟ್‌ಕೇಸಿನಲ್ಲಿ ಒಡೆದು ನನ್ನ ಮೂರು ಅಂಗಿ ತಿಂದ ಪೈಕಿ ಉಳಿದದ್ದು. ಏಲಕ್ಕಿಯೂ ಮನೆಯದೇ, ಅಪ್ಪಯ್ಯ ಹಳೇ ಪಂಚಾಂಗದ ಹಾಳೆಯಲ್ಲಿ ಕಟ್ಟಿಕೊಟ್ಟಿದ್ದು. ಹಿಟ್ಟನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಹಪ್ಪಳಕ್ಕಿಂತ ಕೂದಲೆಳೆ ದಪ್ಪಕ್ಕೆ ಲಟ್ಟಿಸಿ, ನಕ್ಷತ್ರ, ಹಂದಿಮರಿ, ಹೃದಯ ಎಲ್ಲ ಒತ್ತಿ, 200 ಡಿಗ್ರಿಯಲ್ಲಿ ಐದೇ ನಿಮಿಷ. ಆರು ಅಂದರೆ ಇದ್ದಿಲು.

ಮೊದಲನೇ ತಟ್ಟೆ ಆರಕ್ಕೆ ಹೋಯಿತು. ಯಾಕೆಂದರೆ ಐದನೇ ನಿಮಿಷಕ್ಕೆ ಅಪ್ಪಯ್ಯನ ಫೋನು. 'ತೋಟದ್ದು ಎಂತ ಮಾಡದು, ತಮಾ?' ಪ್ರತಿ ವಾರ ಅದೇ ಪ್ರಶ್ನೆ, ಪ್ರತಿ ವಾರ ನನಗೆ ಮೀಟಿಂಗು. ಈ ಸಲ 'ಒಲೆಯಲ್ಲಿ ಬಿಸ್ಕತ್ತು ಸುಡ್ತಾ ಇದೆ' ಎಂದು ಇಟ್ಟೆ. ಮೊದಲ ಬಾರಿಗೆ ನಿಜ ಹೇಳಿ ತಪ್ಪಿಸಿಕೊಂಡೆ.

ಎರಡನೇ ತಟ್ಟೆ ಚೆನ್ನಾಗಿ ಬಂತು. ಆಗ ಮಗಳು ಶಾಲೆಯಲ್ಲಿ ಕಲಿತದ್ದನ್ನು ತೋರಿಸಿದಳು. ಬಿಸ್ಕತ್ತನ್ನು ಅಂಗೈಯಲ್ಲಿಟ್ಟುಕೊಂಡು ಮನಸ್ಸಿನಲ್ಲೇ ಏನಾದರೂ ಬೇಡಿಕೊಳ್ಳಬೇಕು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ನಡುವಿಗೆ ಒಂದು ಕುಟ್ಟಬೇಕು. ಸರಿಯಾಗಿ ಮೂರು ಚೂರಾದರೆ ಬೇಡಿದ್ದು ಆಗುತ್ತದೆ. ಅವಳದು ಎರಡಾಯಿತು, ಐದಾಯಿತು, ಪುಡಿಯಾಯಿತು. 'ಅಪ್ಪಾ, ನೀನು' ಅಂದಳು.

ನಾನು ಏನು ಬೇಡಬೇಕೆಂದು ಯೋಚಿಸಿರಲಿಲ್ಲ ಕಣೋ. ಕೈ ಎತ್ತುವಷ್ಟರಲ್ಲಿ ತಾನಾಗಿ ಬಂತು. ಕುಟ್ಟಿದೆ. ಮೂರೇ ಚೂರು, ಕತ್ತಿಯಲ್ಲಿ ಕೊಯ್ದ ಹಾಗೆ. ಮಗಳು ಮಂಚ ಹತ್ತಿ ಕುಣಿದಳು. ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು.

ಬೇಡಿದ್ದನ್ನು ಯಾರಿಗೂ ಹೇಳಬಾರದಂತೆ, ಹೇಳಿದರೆ ಫಲಿಸುವುದಿಲ್ಲವಂತೆ. ಹಾಗಾಗಿ ಹೇಳಿಬಿಡುತ್ತೇನೆ, ನಾಲ್ಕು ಜನರ ಎದುರಿಗೇ. ಅಪ್ಪಯ್ಯ ತಾನಾಗಿಯೇ ತೋಟ ಮಾರಲಿ ಅಂತ ಬೇಡಿದೆ. ನಾನು ಬರುವುದಿಲ್ಲ ಎಂಬ ಮಾತು ನನ್ನ ಬಾಯಿಂದ ಬರದೆ, ಅವರೇ ಸೋತು ಮಾರಲಿ, ಆಮೇಲೆ ನಾನು 'ಅಯ್ಯೋ, ಒಂದು ಮಾತು ಕೇಳಬಾರದಿತ್ತಾ' ಅನ್ನಲಿ. ಅಲ್ಲಿಯವರೆಗೂ ಯೋಚಿಸಿದ್ದೆ, ಆ ಡೈಲಾಗಿನವರೆಗೂ.

ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನನ್ನು ಹುಡುಕಿ ಕಳಿಸುವವನು ನೀನು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸಿದವನು ನೀನು. ಆಯಿಯ ಕಣ್ಣಿನ ಆಪರೇಷನ್ನಿಗೆ ಕಾರು ಬಿಟ್ಟವನೂ ನೀನೇ. ನಾನು ಪ್ರತಿ ಸಲ 'ಥ್ಯಾಂಕ್ಸ್ ಮಾರಾಯಾ' ಎಂದು ಒಂದು ನಮಸ್ಕಾರದ ಚಿತ್ರ ಹಾಕುತ್ತೇನೆ. ನಿನ್ನ ಹೆಬ್ಬೆರಳನ್ನು ಆಡಿಕೊಂಡೆನಲ್ಲ ಮೇಲೆ, ಅದನ್ನು ವಾಪಸ್ ತಗೊಂಡೆ.

ಸಾಕು. ಅಪ್ಪಯ್ಯನಿಗೆ ಫೇಸ್‌ಬುಕ್ ಇಲ್ಲ ಎಂಬ ಧೈರ್ಯದಲ್ಲಿ ಇಷ್ಟು ಬರೆದಿದ್ದೇನೆ. ಉಳಿದವರು ಲೈಕ್ ಒತ್ತಿ ಮುಂದೆ ಹೋಗಬಹುದು, ರೆಸಿಪಿ ಮೇಲೇ ಇದೆ.

ಅಂದಹಾಗೆ, ಪೆಪ್ಪರ್‌ಕಾಕಾ ತಿಂದರೆ ಒಳ್ಳೆಯವರಾಗುತ್ತಾರೆ ಅಂತಲೂ ಇಲ್ಲಿ ಹೇಳುತ್ತಾರೆ. ಹಿಂದೆ ಡೆನ್ಮಾರ್ಕಿನ ರಾಜ ಹಾನ್ಸ್‌ನಿಗೆ ಮನಸ್ಸು ಸರಿಯಿಲ್ಲದಾಗ ವೈದ್ಯರು ಇದನ್ನೇ ಔಷಧಿಯಾಗಿ ಕೊಟ್ಟರೆಂದು ಕತೆ. ಅಂದು ರಾತ್ರಿ ನಾನು ಹದಿನೇಳು ತಿಂದೆ. ಒಳ್ಳೆಯವನಾದೆನೋ ಇಲ್ಲವೋ, ಎದೆಯುರಿಯಂತೂ ಆಯಿತು. ಜೋನಿಬೆಲ್ಲದ ಪ್ರಭಾವ ಅನ್ನುತ್ತಾಳೆ ನನ್ನ ಹೆಂಡತಿ.

ಜನವರಿಯಲ್ಲಿ ಇಲ್ಲಿಂದ ಒಬ್ಬರು ಸಿರಸಿಗೆ ಬರುತ್ತಿದ್ದಾರೆ. ಒಂದು ಡಬ್ಬಿ ಕೊಟ್ಟು ಕಳಿಸುತ್ತೇನೆ. ಅರ್ಧ ನಿನಗೆ, ಅರ್ಧ ಅಪ್ಪಯ್ಯನಿಗೆ. ಚಾದಲ್ಲಿ ಅದ್ದಿಕೊಂಡು ತಿನ್ನಲಿ. ಅಂಗೈಯಲ್ಲಿಟ್ಟು ಕುಟ್ಟುವುದನ್ನು ಮಾತ್ರ ಹೇಳಿಕೊಡಬೇಡ.

ನಿನ್ನ,
ಮೂರನೇ ಬೆಂಚು